ಕಡಲಿನಿಂದ ಎರೆಹೊಲದವರೆಗೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕರಾವಳಿಯುದ್ದಕ್ಕೂ ಸಾಗುವ ಗ್ರೇಟ್ ಓಷನ್ ರೋಡ್‌ನಲ್ಲಿ ಹೋಗುವಾಗ ರಸ್ತೆಗೆ ಅಡ್ಡಲಾಗಿ ಮರದ ದಿಮ್ಮಿಗಳ ಒಂದು ಕಮಾನು ಸಿಗುತ್ತದೆ. ಎಲ್ಲರೂ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಅದು ಸ್ಮಾರಕದ ಕಮಾನು ಎಂಬುದು ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ. ಮೊದಲ ಮಹಾಯುದ್ಧದಿಂದ ಮರಳಿದ ಸುಮಾರು 3,000 ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಸಲಿಕೆ, ಸಿಡಿಮದ್ದು ಹಿಡಿದು ಬಂಡೆಯ ಅಂಚನ್ನು ಕಡಿಯುತ್ತಾ ಈ ರಸ್ತೆಯನ್ನು ಮಾಡಿದರು, ಯುದ್ಧದಲ್ಲಿ ಸತ್ತ ತಮ್ಮ ಜೊತೆಗಾರರ ನೆನಪಿಗೆ. ಕಲ್ಲಿನ ಕಂಬ ನಿಲ್ಲಿಸುವ ಬದಲು ಊರಿಂದೂರಿಗೆ ಜನ ಓಡಾಡುವ ರಸ್ತೆಯನ್ನೇ ಸ್ಮಾರಕ ಮಾಡಿದ ಆ ಬುದ್ಧಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ನನ್ನ ಗಂಡ ಕುಂದಾಪುರದವರು, ನಾನು ಹಾವೇರಿ ಕಡೆಯವಳು. ಮೆಲ್ಬರ್ನ್‌ನಲ್ಲಿ ಮನೆ ಮಾಡಿ ವರ್ಷಗಳಾದರೂ ಅವರ ಕಣ್ಣು ಕಡಲ ಕಡೆಗೆ, ನನ್ನದು ಹೊಲದ ಕಡೆಗೆ. ಹೀಗಾಗಿ ಈ ಏಪ್ರಿಲ್‌ನ ಪ್ರವಾಸಕ್ಕೆ ಇಬ್ಬರೂ ಒಪ್ಪುವ ದಾರಿ ಹಾಕಿಕೊಂಡೆವು: ಮೊದಲು ಪಶ್ಚಿಮದ ಕರಾವಳಿ, ಅಲ್ಲಿಂದ ಉತ್ತರಕ್ಕೆ ತಿರುಗಿ ಒಳನಾಡು. ಹೋಟೆಲ್ ಬೇಡ, ಎಲ್ಲ ರಾತ್ರಿಗಳೂ ಡೇರೆಯಲ್ಲೇ ಎಂದು ತೀರ್ಮಾನಿಸಿದೆವು. ಡೇರೆ, ಚಳಿಗೆ ತಡೆಯುವ ಮಲಗುಚೀಲ, ಗ್ಯಾಸ್ ಒಲೆ, ಐಸ್ ಪೆಟ್ಟಿಗೆ, ನೀರಿನ ಕ್ಯಾನು, ಕಾಫಿ ಫಿಲ್ಟರ್, ಅವಲಕ್ಕಿ, ಮೆಂತ್ಯದ ಹಿಟ್ಟು, ಉಪ್ಪಿನಕಾಯಿ ಎಲ್ಲ ಕಾರಿನ ಡಿಕ್ಕಿ ಸೇರಿದವು.

ಈ ದೇಶದಲ್ಲಿ ಡೇರೆ ಹಾಕಿಕೊಂಡು ತಿರುಗುವುದು ಹಣವಂತರ ಹವ್ಯಾಸವಲ್ಲ, ಅದು ನನಗೆ ಬಹಳ ಇಷ್ಟ. ಸಣ್ಣ ಊರಿನ ಉದ್ಯಾನದಲ್ಲೂ ಗುಂಡಿ ಒತ್ತಿದರೆ ಕಾಯುವ ಕಾವಲಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಬಳಸಿದವರು ಒರೆಸಿಟ್ಟು ಹೋಗುತ್ತಾರೆ. ಅಪೋಲೊ ಬೇಯಲ್ಲಿ ಅಂಥದೊಂದು ಕಾವಲಿಯ ಮೇಲೆ ನಾನು ಮೆಂತ್ಯದ ರೊಟ್ಟಿ ತಟ್ಟುತ್ತಿದ್ದಾಗ ಪಕ್ಕದ ಕಾವಲಿಯಲ್ಲಿ ಈರುಳ್ಳಿ ಹುರಿಯುತ್ತಿದ್ದ ಅಜ್ಜ ತಮ್ಮ ಪಾಲಿನ ಅಣಬೆಯನ್ನು ನಮ್ಮ ತಟ್ಟೆಗೆ ಹಾಕಿದರು. ರೊಟ್ಟಿ ಕೊಟ್ಟೆ. ಅವರು ಎರಡನೆಯದನ್ನು ಕೇಳಿ ಪಡೆದರು.

ಕರಾವಳಿಯ ಸೊಬಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬೇಕಾದಷ್ಟು ಜನ ಹೇಳಿದ್ದಾರೆ. ಮರವಂತೆಯನ್ನು ನೋಡುತ್ತಾ ಬೆಳೆದ ನನ್ನ ಗಂಡನೂ ಲಾರ್ನ್ ದಾಟಿದ ಮೇಲಿನ ತಿರುವುಗಳಲ್ಲಿ ಮಾತು ನಿಲ್ಲಿಸಿದ್ದರು ಎಂದರೆ ಸಾಕು. ಟ್ವೆಲ್ವ್ ಅಪಾಸಲ್ಸ್ ಎಂಬ ಸುಣ್ಣಕಲ್ಲಿನ ಕಂಬಗಳು ಹೆಸರಿಗೆ ಹನ್ನೆರಡಾದರೂ ಈಗ ಉಳಿದಿರುವುದು ಎಂಟು. 2005ರ ಜುಲೈನಲ್ಲಿ ಒಂದು ಕುಸಿದು ಬಿತ್ತು. ಅಲ್ಲಿಂದ ಸ್ವಲ್ಪ ದೂರದ ಲಂಡನ್ ಬ್ರಿಜ್ ಎಂಬ ಬಂಡೆಸೇತುವೆ 1990ರ ಜನವರಿಯಲ್ಲಿ ಮುರಿದಾಗ ಅದರ ತುದಿಯಲ್ಲಿದ್ದ ಇಬ್ಬರನ್ನು ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಸಮುದ್ರ ಅಲ್ಲಿ ಇವತ್ತೂ ಕೆಲಸ ಮಾಡುತ್ತಲೇ ಇದೆ.

ನನ್ನ ಮನಸ್ಸಿನಲ್ಲಿ ನಿಂತದ್ದು ಲಾಕ್ ಆರ್ಡ್ ಕಮರಿ. 1878ರ ಜೂನ್ 1ರಂದು ಇಂಗ್ಲೆಂಡಿನಿಂದ ಬರುತ್ತಿದ್ದ ಲಾಕ್ ಆರ್ಡ್ ಹಡಗು ಮಂಜಿನಲ್ಲಿ ದಾರಿ ತಿಳಿಯದೆ ಬಂಡೆಗೆ ಬಡಿಯಿತು. ಹಡಗಿನಲ್ಲಿದ್ದ 54 ಜನರಲ್ಲಿ ಬದುಕಿದ್ದು ಇಬ್ಬರು: ಟಾಮ್ ಪಿಯರ್ಸ್ ಎಂಬ ಹುಡುಗ ನಾವಿಕ, ಈವಾ ಕಾರ್ಮೈಕೇಲ್ ಎಂಬ ಯುವತಿ. ಅಲೆಯಲ್ಲಿ ತೇಲುತ್ತಿದ್ದ ಆಕೆಯನ್ನು ಅವನು ಈಜಿ ದಡಕ್ಕೆ ಎಳೆದುಕೊಂಡು ಬಂದ. ಮೆಟ್ಟಿಲಿಳಿದು ಆ ಮರಳ ಮೇಲೆ ನಿಂತರೆ ಎರಡು ಕಡೆ ಗೋಡೆಯಂತಹ ಬಂಡೆ, ನಡುವೆ ಬಾಗಿಲಿನಷ್ಟು ಕಡಲು. ಹಡಗಿನಲ್ಲಿದ್ದ ಮನೆಮಂದಿಯನ್ನೆಲ್ಲ ಕಳೆದುಕೊಂಡ ಆ ಹೆಣ್ಣುಮಗಳು ಚಳಿಯಲ್ಲಿ ಕುಳಿತು ಏನನ್ನು ನೋಡಿರಬಹುದು ಎಂದು ಯೋಚಿಸುತ್ತಾ ಬಹಳ ಹೊತ್ತು ಅಲ್ಲೇ ಇದ್ದೆವು.

ವಾರ್ನಂಬೂಲ್ ದಾಟಿದ ಮೇಲೆ ಹೆಚ್ಚಿನ ಪ್ರವಾಸಿಗರು ತಿರುಗಿಬಿಡುತ್ತಾರೆ. ನಾನು ಓದುಗರನ್ನು ಕೇಳಿಕೊಳ್ಳುವುದು ಇಷ್ಟೇ: ಅಲ್ಲಿಂದ ಹಿಂದಿರುಗಬೇಡಿ. ಇನ್ನೊಂದೆರಡು ಗಂಟೆಯೊಳಗೆ ಬುಜ್ ಬಿಮ್ ಇದೆ. ಅದು ಆರಿದ ಜ್ವಾಲಾಮುಖಿ. ಅದರಿಂದ ಹರಿದ ಲಾವಾ ಕಪ್ಪು ಕಲ್ಲಾಗಿ ಹರಡಿರುವ ನೆಲದಲ್ಲಿ ಗುಂಡಿಚ್‌ಮಾರ ಎಂಬ ಮೂಲನಿವಾಸಿ ಜನ ಕಾಲುವೆ ಕಡಿದು, ಒಡ್ಡು ಕಟ್ಟಿ, ಹಾವುಮೀನು ಸಾಕಿದರು. ಈ ಕಾಲುವೆಗಳಲ್ಲಿ ಕೆಲವು ಕನಿಷ್ಠ 6,600 ವರ್ಷ ಹಳೆಯವು, ಎಂದರೆ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಿಂದಿನವು. ಇದೇ ಜನರನ್ನು ಬಿಳಿಯರು ಬೇಸಾಯವರಿಯದ ಅಲೆಮಾರಿಗಳೆಂದು ಕರೆದು, ನೆಲಕ್ಕೆ ಒಡೆಯರಿಲ್ಲವೆಂದು ಹೇಳಿ ಕಿತ್ತುಕೊಂಡರು. 2019ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಟೇ ರಾಕ್ ಸರೋವರದ ಬಳಿ ಗುಂಡಿಚ್‌ಮಾರ ಸಮುದಾಯದ ಹುಡುಗನೊಬ್ಬ ನಮ್ಮನ್ನು ಕರೆದುಕೊಂಡು ಹೋದ. ದೂರದಿಂದ ನೋಡಿದರೆ ಅಲ್ಲಿ ಏನೂ ಇಲ್ಲ, ಬರಿ ಕಲ್ಲು, ಹುಲ್ಲು. ಅವನು ಬಗ್ಗಿ ಕೈ ತೋರಿಸಿದ ಮೇಲೆಯೇ ಕಣ್ಣಿಗೆ ಬಿತ್ತು: ಮೊಣಕಾಲೆತ್ತರದ ಎರಡು ಕಲ್ಲುಸಾಲು, ನಡುವೆ ನೀರು ಹರಿಯುವಷ್ಟು ದಾರಿ, ದಾರಿಯ ಕೊನೆಯಲ್ಲಿ ಬುಟ್ಟಿಯ ಬಾಯಿ ಸರಿಯಾಗಿ ಕೂರುವ ಸಂದು. ಹುಲ್ಲಿನಿಂದ ಹೆಣೆದ ಉದ್ದನೆಯ ಬುಟ್ಟಿ ಅದು, ಒಂದು ತುದಿ ಅಗಲ, ಇನ್ನೊಂದು ಕಿರಿದು. ಕಿರಿದಾದ ತುದಿಯಿಂದ ಹೊರಬರುವ ಮೀನನ್ನು ಕೈಯಲ್ಲಿ ಹಿಡಿಯುತ್ತಿದ್ದರಂತೆ. ಸಣ್ಣವು ಜಾರಿಕೊಂಡು ಹೋಗಲು ಬಿಡುತ್ತಿದ್ದರು. ಶರತ್ಕಾಲದಲ್ಲಿ ಬಲಿತ ಹಾವುಮೀನುಗಳು ನದಿಯಿಳಿದು ಕಡಲು ಸೇರಿ, ಸಾವಿರಾರು ಕಿಲೋಮೀಟರ್ ಉತ್ತರಕ್ಕೆ ಕೋರಲ್ ಸಮುದ್ರದವರೆಗೆ ಹೋಗಿ ಮರಿ ಮಾಡಿ ಸಾಯುತ್ತವೆ. ಮರಿಗಳು ಕಡಲ ಹರಿವಿನಲ್ಲಿ ತೇಲಿಬಂದು ಮತ್ತೆ ಇದೇ ನದಿಗಳನ್ನು ಹತ್ತುತ್ತವೆ. ನಾವು ಹೋದದ್ದು ಅವು ಕಡಲಿಗೆ ಹೊರಡುವ ಕಾಲದಲ್ಲೇ. ಹೊಗೆಯಲ್ಲಿ ಬೇಯಿಸಿದ ಹಾವುಮೀನನ್ನು ಅಲ್ಲಿ ತಿನ್ನಲು ಕೊಡುತ್ತಾರೆ. ನನ್ನ ಗಂಡ ಒಂದು ತುಂಡು ಬಾಯಿಗಿಟ್ಟು, "ಇದನ್ನು ಅಮ್ಮನಿಗೆ ತಿನ್ನಿಸಬೇಕಿತ್ತು" ಎಂದರು. ಕುಂದಾಪುರದವರ ಬಾಯಿಂದ ಮೀನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಸಿಗುವುದಿಲ್ಲ.

ಅಲ್ಲಿಂದ ಗ್ರಾಂಪಿಯನ್ಸ್ ಬೆಟ್ಟಸಾಲು, ಮೂಲನಿವಾಸಿಗಳ ಗಾರಿವರ್ಡ್. 2024ರ ಡಿಸೆಂಬರ್‌ನಲ್ಲಿ ಹೊತ್ತಿದ ಬೆಂಕಿ ವಾರಗಟ್ಟಲೆ ಉರಿದ ಕಾಡು ಅದು. ಸುಟ್ಟು ಕರಿದಾದ ನೀಲಗಿರಿ ಮರಗಳ ಕಾಂಡದಿಂದಲೇ ಎಲೆಗಳು ಗೊಂಚಲು ಗೊಂಚಲಾಗಿ ಚಿಗುರಿದ್ದವು. ಹಾಲ್ಸ್ ಗ್ಯಾಪ್‌ನಲ್ಲಿ ಸಂಜೆಯಾದೊಡನೆ ಕಾಂಗರೂಗಳು ಆಟದ ಮೈದಾನಕ್ಕೆ ಮೇಯಲು ಬರುತ್ತವೆ. ಆ ಹೊತ್ತಿನಲ್ಲಿ ಕಾರು ಓಡಿಸಬಾರದೆಂಬುದು ಒಳನಾಡಿನ ಮೊದಲ ಪಾಠ. ಬೆಳಕಿಗೆ ಬೆದರಿ ಅವು ನೇರ ಬಂಪರಿಗೇ ಹಾರುತ್ತವೆ. ಹೊತ್ತು ಮುಳುಗುವ ಮೊದಲೇ ಡೇರೆ ಹೊಡೆದಿರಬೇಕು.

ಬೆಟ್ಟ ಇಳಿದು ಹಾರ್ಷಮ್ ಕಡೆ ತಿರುಗಿದಾಗ ನನ್ನ ಸರದಿ ಬಂತು. ವಿಮ್ಮೆರಾ ಬಯಲು. ಕಣ್ಣು ಹಾಯಿಸಿದಷ್ಟು ದೂರ ಕೊಯ್ದ ಹೊಲ. ರಸ್ತೆ ಬದಿಯಲ್ಲಿ ಇಳಿದು ನೋಡಿದರೆ ನೆಲ ಬಿರಿದಿತ್ತು, ಕೈ ಇಳಿಯುವಷ್ಟು ಬಿರುಕು. ಬಣ್ಣ ನಮ್ಮದಕ್ಕಿಂತ ಬೂದು, ಗುಣ ಮಾತ್ರ ನಮ್ಮ ಎರೆಯದೇ: ಮಳೆಗೆ ಉಬ್ಬಿ ಅಂಟುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಒಂದು ಹೆಂಟೆ ಎತ್ತಿ ಹಿಸುಕಿದೆ. ಅದು ಒಡೆದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಎದುರು ಬರುವ ಪ್ರತಿಯೊಬ್ಬ ರೈತನೂ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾನೆ. ಸ್ವಲ್ಪ ಹೊತ್ತಿಗೆ ನಾವೂ ಎತ್ತತೊಡಗಿದೆವು.

ಬ್ರಿಮ್ ಎಂಬ ಪುಟ್ಟ ಊರಿನಲ್ಲಿ 1939ರ ಕಾಲದ ಕಾಂಕ್ರೀಟಿನ ಕಣಜಗಳ ಮೇಲೆ ಗೈಡೊ ವ್ಯಾನ್ ಹೆಲ್ಟನ್ ಎಂಬ ಕಲಾವಿದ ಬೇರೆ ಬೇರೆ ತಲೆಮಾರಿನ ನಾಲ್ವರು ರೈತರನ್ನು ಆಳೆತ್ತರದ ಹತ್ತಾರು ಪಟ್ಟು ದೊಡ್ಡದಾಗಿ ಬರೆದಿದ್ದಾರೆ. 2016ರ ಜನವರಿಯಲ್ಲಿ ಮುಗಿದ ಕೆಲಸ. ಅದನ್ನು ನೋಡಲು ಜನ ಬರತೊಡಗಿದ ಮೇಲೆ ಸುತ್ತಲಿನ ಊರುಗಳ ಕಣಜಗಳಿಗೂ ಚಿತ್ರ ಬಂತು. ರಾಜರನ್ನು, ನಾಯಕರನ್ನು ಬಿಟ್ಟು ಹೆಸರಿಲ್ಲದ ರೈತರ ಮುಖವನ್ನು ಅಷ್ಟೆತ್ತರಕ್ಕೆ ಏರಿಸಿದ್ದು ನೋಡಿ ಹೊಟ್ಟೆ ತಂಪಾಯಿತು.

ಸೀ ಲೇಕ್ ಊರಿನ ಹತ್ತಿರ ಟಿರೆಲ್ ಎಂಬ ಉಪ್ಪಿನ ಸರೋವರವಿದೆ, ವಿಕ್ಟೋರಿಯಾ ರಾಜ್ಯದಲ್ಲೇ ದೊಡ್ಡದು. ಅಲ್ಲಿ ವಾಸಿಸುತ್ತಿದ್ದ ಬೂರಾಂಗ್ ಜನರ ನಕ್ಷತ್ರಜ್ಞಾನವನ್ನು ಸ್ಟಾನ್‌ಬ್ರಿಜ್ ಎಂಬಾತ ಕೇಳಿ ಬರೆದುಕೊಂಡು 1857ರಲ್ಲಿ ಮೆಲ್ಬರ್ನ್‌ನಲ್ಲಿ ಪ್ರಬಂಧವಾಗಿ ಓದಿದ. ಅವರು ಮಾರ್ಪಿಯನ್‌ಕರ್ಕ್ ಎಂದು ಕರೆಯುತ್ತಿದ್ದ ಕೆಂಪು ನಕ್ಷತ್ರ ನಮ್ಮ ಸ್ವಾತಿ. ಆಹಾರವಾಗಿದ್ದ ಇರುವೆಮರಿಗಳು ಯಾವಾಗ ಸಿಗುತ್ತವೆ ಎಂಬುದನ್ನು ಆ ನಕ್ಷತ್ರವನ್ನು ನೋಡಿ ತಿಳಿಯುತ್ತಿದ್ದರು. ನಮ್ಮಪ್ಪ ಇವತ್ತಿಗೂ ಸ್ವಾತಿ ಮಳೆಯ ಲೆಕ್ಕದಲ್ಲೇ ಹಿಂಗಾರಿ ಮಾತಾಡುತ್ತಾರೆ. ರಾತ್ರಿ ಒಂಬತ್ತರ ಸುಮಾರಿಗೆ ಈಶಾನ್ಯದಲ್ಲಿ ಸ್ವಾತಿ ಎದ್ದಿತ್ತು. ದಕ್ಷಿಣದಲ್ಲಿ, ಊರಲ್ಲಿ ದಿಗಂತಕ್ಕೆ ಅಂಟಿಕೊಂಡಂತೆ ಕಾಣುವ ತ್ರಿಶಂಕು ನಕ್ಷತ್ರಪುಂಜ ಇಲ್ಲಿ ತಲೆಯ ಮೇಲೇರಿ ನಿಂತಿತ್ತು. ಮೂಲನಿವಾಸಿಗಳಿಗೆ ಅದರ ಪಕ್ಕದ ಕಪ್ಪು ಕಲೆ ಎಮು ಹಕ್ಕಿಯ ತಲೆ, ಆಕಾಶಗಂಗೆಯುದ್ದಕ್ಕೂ ಚಾಚಿದ ಕತ್ತಲು ಅದರ ಮೈ. ನಕ್ಷತ್ರಗಳ ನಡುವಿನ ಕತ್ತಲಲ್ಲಿ ಹಕ್ಕಿಯನ್ನು ಕಂಡ ಕಣ್ಣುಗಳ ಬಗ್ಗೆ ನಾವಿಬ್ಬರೂ ಡೇರೆಯೊಳಗೆ ಮಲಗಿದ ಮೇಲೂ ಮಾತಾಡುತ್ತಿದ್ದೆವು.

ಕೊನೆಯ ರಾತ್ರಿ ಇಳಿದುಕೊಂಡ ಡೇರೆತಾಣದಲ್ಲಿ ಎಲ್ಲರಿಗೂ ಒಂದೇ ಅಡುಗೆಮನೆ. ನಾನು ಕಡಲೆಕಾಳಿನ ಉಸಲಿ ಮಾಡುತ್ತಿದ್ದೆ. ಪಕ್ಕದ ಒಲೆಯವರು ಅದೇ ಸೀಮೆಯ ರೈತ ದಂಪತಿ, ಬಿತ್ತನೆ ಶುರುವಾಗುವ ಮೊದಲು ಎರಡು ದಿನ ಮೀನು ಹಿಡಿಯಲು ಹೊರಟಿದ್ದವರು. ಯುದ್ಧದಲ್ಲಿ ಮಡಿದ ಸೈನಿಕರನ್ನು ನೆನೆಯುವ ಆಂಜಾಕ್ ದಿನ, ಎಂದರೆ ಏಪ್ರಿಲ್ 25, ಕಳೆಯುತ್ತಲೇ ಬಿತ್ತನೆ ಎಂಬುದು ಇಲ್ಲಿನ ಹಳೆಯ ವಾಡಿಕೆ. ಬೋಗುಣಿಯಲ್ಲಿದ್ದ ಕಾಳನ್ನು ನೋಡಿ ಆಕೆ ಕೇಳಿದರು, "ನೀವು ಭಾರತದವರಾ?" ಹೌದೆಂದೆ. ಅವರ ಗಂಡ ಕುರ್ಚಿ ಎಳೆದುಕೊಂಡು ಕುಳಿತರು. "ನಾವು ಕಡಲೆ ಬೆಳೆಯುತ್ತಿದ್ದೆವು, ನಿಮ್ಮ ಸರ್ಕಾರ ಸುಂಕ ಹಾಕುವ ತನಕ."

ನನಗೆ ಗೊತ್ತಿದ್ದ ವಿಷಯ. 2017ರ ಡಿಸೆಂಬರ್‌ನಲ್ಲಿ ಭಾರತ ಕಡಲೆ ಮತ್ತು ಮಸೂರದ ಆಮದಿಗೆ ಶೇ 30 ಸುಂಕ ಹಾಕಿತು. ಕಡಲೆಯ ಮೇಲಿನದು ಮರುವರ್ಷ ಇನ್ನೂ ಏರಿತು. ಇಲ್ಲಿ ಬೆಲೆ ನೆಲಕಚ್ಚಿತು. 2024ರ ಮೇ ತಿಂಗಳಲ್ಲಿ ಕಡಲೆಯ ಸುಂಕ ತೆಗೆದಾಗ ಇಲ್ಲಿಯವರು ಮತ್ತೆ ಕಡಲೆ ಬಿತ್ತಲು ಹುರುಪುಗೊಂಡರು. ನಾನು ಅವರಿಗೆ ನೇರವಾಗಿಯೇ ಹೇಳಿದೆ: ಸುಂಕ ಹಾಕಿದ ಸುದ್ದಿ ಕೇಳಿ ನಮ್ಮಪ್ಪ ಸಂತೋಷಪಟ್ಟಿದ್ದರು, ಏಕೆಂದರೆ ಆ ವರ್ಷ ಕಡಲೆಗೆ ಕೂಲಿಯೂ ಗಿಟ್ಟುವುದಿಲ್ಲವೇನೋ ಎಂಬ ಭಯ ಅವರಿಗಿತ್ತು. ಆತ ತಲೆಯಾಡಿಸಿದರು. "ಅವರ ಜಾಗದಲ್ಲಿದ್ದರೆ ನಾನೂ ಸಂತೋಷಪಡುತ್ತಿದ್ದೆ" ಎಂದು ಹೇಳಿ, ಅಪ್ಪನಿಗೆ ಎಷ್ಟು ನೆಲವಿದೆ ಎಂದು ಕೇಳಿದರು. ಆರು ಎಕರೆ ಎಂದೆ. ಅವರದು ಸಾವಿರಾರು ಎಕರೆ. ನಂಬಲಾರದೆ ಇನ್ನೊಮ್ಮೆ ಕೇಳಿದರು. ಅಲ್ಲಿಂದ ಮಾತು ಮಳೆಗೆ, ಮಳೆಯಿಂದ ಹುಳಕ್ಕೆ, ಹುಳದಿಂದ ಸಾಲಕ್ಕೆ ಹೊರಳಿತು. ಉಸಲಿ ನಾಲ್ವರಿಗೂ ಸಾಕಾಯಿತು. ತಾವು ಬೆಳೆಯುತ್ತಿದ್ದಂಥ ಕಾಳನ್ನು ಬೇಯಿಸಿ ತಿಂದದ್ದು ಇದೇ ಮೊದಲೆಂದು ಆಕೆ ಹೇಳಿದರು, ಒಗ್ಗರಣೆಯ ಕ್ರಮ ಬರೆಸಿಕೊಂಡರು. ಕರಿಬೇವು ಎಲ್ಲಿ ಸಿಗುತ್ತದೆ ಎಂಬುದಕ್ಕೆ ಮಾತ್ರ ಉತ್ತರ ಹೇಳಲಾಗದೆ ನನ್ನಲ್ಲಿದ್ದುದನ್ನೆಲ್ಲ ಕೊಟ್ಟೆ.

ಬರುವ ವರ್ಷ ಅಪ್ಪ ಬರುತ್ತಾರೆ. ಅವರನ್ನು ಮೊದಲು ಹಾರ್ಷಮ್‌ಗೇ ಕರೆದೊಯ್ಯುವುದೆಂದು ಮರಳುವ ದಾರಿಯಲ್ಲೇ ನಿಶ್ಚಯವಾಯಿತು. ಆ ರೈತ ದಂಪತಿ ಬಿತ್ತನೆಯ ಯಂತ್ರದಲ್ಲಿ ಕೂರಿಸಿಕೊಂಡು ಹೊಲ ಸುತ್ತಿಸುವುದಾಗಿ ಹೇಳಿದ್ದಾರೆ. ಕಡಲನ್ನು ಆಮೇಲೆ ತೋರಿಸಿದರಾಯಿತು ಎಂದು ನನ್ನ ಗಂಡನೇ ಹೇಳಿದರು.