ಅಜ್ಜಿಯ ಹರಕೆ, ಮೊಹರಂ ಸಕ್ಕರೆ

ಆರನೇ ವಯಸ್ಸಿನಲ್ಲಿ ನಾನೂ ಫಕೀರನಾಗಿದ್ದೆ. ಜ್ವರ ಬಿಡದೆ ಕಾಡಿದಾಗ ಅಜ್ಜಿ ಹರಕೆ ಹೊತ್ತಿದ್ದಳು, ಮೊಹರಂಗೆ ಹುಡುಗನನ್ನು ಫಕೀರ ಮಾಡ್ತೀನಿ ಅಂತ. ನಮ್ಮದು ಲಿಂಗಾಯತರ ಮನೆ. ಕೊರಳಲ್ಲಿ ಶಿವದಾರ, ಲಿಂಗ ಇಡುವ ಕರಡಿಗೆ. ಅದರ ಮೇಲೆ ಮಸೂತಿಯಲ್ಲಿ ಹಾಕಿಸಿದ ಕೆಂಪು ಲಾಡಿ. ಎರಡೂ ಸಿಕ್ಕುಬಿದ್ದು ಕುತ್ತಿಗೆಯೆಲ್ಲ ತುರಿಕೆ. ಹಾಗೇ ಐದು ಮನೆ ಬೇಡಿ ಬಂದೆ. ನಾಲ್ಕನೇ ಮನೆಯವರು ಕೊಟ್ಟ ಬೆಲ್ಲ ದಾರಿಯಲ್ಲೇ ಖಾಲಿಯಾಗಿದ್ದು ಅಜ್ಜಿಗೆ ಕೊನೆವರೆಗೂ ಗೊತ್ತಾಗಲಿಲ್ಲ.

ಉತ್ತರ ಕರ್ನಾಟಕದವರಿಗೆ ಇದೇನೂ ಹೊಸದಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ, ದೇವರೆಂದು ಲೋಹದ ಹಸ್ತದ ಪಂಜಾ ಕೂರಿಸುತ್ತಾರೆ, ಹುಲಿವೇಷ ಕುಣಿಯುತ್ತದೆ. ಮೊಹರಂನ ಕತಲ್ ರಾತ್ ಅಂದರೆ ಕೊಲೆಯ ರಾತ್ರಿ. ನಮ್ಮ ಬಾಯಲ್ಲಿ ಅದು ‘ಕತ್ತಲ ರಾತ್ರಿ’ ಆಗಿದೆ. ತಿದ್ದೋಕೆ ನನಗಂತೂ ಮನಸ್ಸಿಲ್ಲ.

ಹಬ್ಬ ಅಂತೀವಿ, ಆದರೆ ಅದು ಸಾವಿನ ನೆನಪು, ಅಲ್ವಾ? ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಇಮಾಮ್ ಹುಸೇನರ ಕಡೆಯವರಿಗೆ ಯೂಫ್ರೆಟಿಸ್ ನದಿಯ ನೀರು ಸಿಗದಂತೆ ತಡೆದರು. ಬಾಯಾರಿದ ಆರು ತಿಂಗಳ ಕೂಸನ್ನು ಎತ್ತಿ ತೋರಿಸಿದರೆ ಬಾಣ ಬಿಟ್ಟರಂತೆ. ಅಜ್ಜಿ ಇದನ್ನು ಓದಿ ತಿಳಿದವಳಲ್ಲ, ಅವಳಿಗೆ ಓದೇ ಬರುತ್ತಿರಲಿಲ್ಲ. ಮೊಹರಂನಲ್ಲಿ ಕುಣಿಯುವ ಹೆಜ್ಜೆ ಮೇಳದವರು ಕನ್ನಡದಲ್ಲಿ ಹಾಡುವ ಕರ್ಬಲಾ ಕಥೆಯ ರಿವಾಯತ್ ಪದ ಕೇಳಿ ಗೊತ್ತು. ಶಿಶುನಾಳ ಶರೀಫರೂ ಅಂಥ ಪದ ಕಟ್ಟಿದವರೇ. ಕೂಸಿನ ಸುದ್ದಿ ಬಂದ ಕೂಡಲೇ ಸೆರಗು ಕಣ್ಣಿಗೆ ಹೋಗುತ್ತಿತ್ತು. “ಒಂದು ಹನಿ ನೀರು ಕೊಡಬಾರದಾಗಿತ್ತೇನೋ ಯಪ್ಪಾ!” ಊರ ದೊಡ್ಡಾಟದಲ್ಲಿ ಅಭಿಮನ್ಯು ಬಿದ್ದಾಗಲೂ ಅದೇ ಸೆರಗು, ಅದೇ ಅಳು.

ಎಲ್ಲ ಧರ್ಮವೂ ಒಂದೇ ಅನ್ನೋ ಭಾಷಣ ನನಗೆ ಯಾಕೋ ರುಚಿಸುವುದಿಲ್ಲ. ಅಜ್ಜಿಗೆ ಎರಡೂ ಬೇರೆ ಅಂತ ಚೆನ್ನಾಗಿಯೇ ಗೊತ್ತಿತ್ತು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಿದವಳಲ್ಲ. ಮುಲ್ಲಾ ಓದುವುದು ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ಸಕ್ಕರೆ ಓದಿಸದೆ ಬಿಡುತ್ತಿರಲಿಲ್ಲ. ಓದಿಸಿ ತಂದ ಸಕ್ಕರೆಯನ್ನು ಅಂಗೈಯ ಲಿಂಗಕ್ಕೆ ಒಮ್ಮೆ ತೋರಿಸಿ, ಆಮೇಲೆ ನಮ್ಮ ಕೈಗೆ ಹಾಕುತ್ತಿದ್ದಳು.

ಹತ್ತನೇ ದಿನ ದೇವರು ಹೊಳೆಗೆ ಹೊರಟಾಗ ಮನೆ ಮುಂದಿನ ಕಟ್ಟೆಯ ಮೇಲೆ ಬೆಲ್ಲದ ಪಾನಕದ ಕೊಡ ಇಟ್ಟುಕೊಂಡು ಕೂರುತ್ತಿದ್ದಳು. ದೇವರು ಹೊತ್ತವರು, ಹುಲಿವೇಷದವರು, ಸುಮ್ನೆ ನೋಡಲು ಬಂದವರು, ಎಲ್ಲರಿಗೂ ಒಂದೊಂದು ಲೋಟ. ಸಣ್ಣ ಮಕ್ಕಳು ಬಂದರೆ ಎರಡು.