ವಸ್ತುವಿನ ಹೆಸರು, ಎಚ್‌ಎಸ್‌ಎನ್ ಕೋಡ್ ಮತ್ತು ಲುಕಪ್ ಸೂತ್ರಗಳು

ಕಿರಾಣಿ ಸಗಟು ಅಂಗಡಿಗಳ ಲೆಕ್ಕ ಬರೆಯುವವರಿಗೆ ಮಾರಾಟದ ಪಟ್ಟಿಯ ಪ್ರತಿ ಸಾಲಿಗೂ ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿಗಾಗಿ ಸರಕನ್ನು ವರ್ಗೀಕರಿಸುವ ಸಂಖ್ಯೆ) ತುಂಬುವ ಕೆಲಸ ತಪ್ಪಿದ್ದಲ್ಲ. 2021ರ ಏಪ್ರಿಲ್ 1ರಿಂದ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು 6 ಅಂಕಿಗಳ ಕೋಡನ್ನೂ ಅದಕ್ಕಿಂತ ಕಡಿಮೆ ಇರುವವರು ನೋಂದಾಯಿತ ವ್ಯಾಪಾರಿಗಳಿಗೆ ಕೊಡುವ ಬಿಲ್ಲಿನಲ್ಲಿ 4 ಅಂಕಿಗಳ ಕೋಡನ್ನೂ ನಮೂದಿಸಬೇಕು. ಒಂದು ಶೀಟಿನಲ್ಲಿ ವಸ್ತು ಮತ್ತು ಕೋಡುಗಳ ಮಾಸ್ಟರ್ ಪಟ್ಟಿ ಇಟ್ಟುಕೊಂಡು, ಇನ್ನೊಂದರಲ್ಲಿರುವ ಮಾರಾಟದ ಸಾಲುಗಳಿಗೆ ಎಕ್ಸೆಲ್‌ನಲ್ಲಿ ಪಟ್ಟಿಯಿಂದ ಹುಡುಕಿ ತರುವ ವಿಲುಕಪ್ (VLOOKUP) ಸೂತ್ರದ ಮೂಲಕ ಕೋಡ್ ತರಿಸಿಕೊಳ್ಳುವುದು ಎಲ್ಲರೂ ಹಿಡಿಯುವ ದಾರಿ. ಆ ಸೂತ್ರ ತಪ್ಪು ಉತ್ತರವನ್ನು ಸರಿಯಾದುದರಂತೆಯೇ ಕೊಡಬಲ್ಲದು ಎಂಬುದನ್ನು ಮಾತ್ರ ಹಲವರು ಗಮನಿಸುವುದಿಲ್ಲ.

ವಿಲುಕಪ್‌ನ ಆವರಣದೊಳಗೆ ಹೊಂದಿಕೆ ಹೇಗಿರಬೇಕೆಂದು ಹೇಳುವ ನಾಲ್ಕನೆಯ ಜಾಗವನ್ನು ಬರೆಯದೆ ಬಿಟ್ಟರೆ ಎಕ್ಸೆಲ್ ಅದನ್ನು 'ಟ್ರೂ' ಎಂದು, ಅಂದರೆ ಹತ್ತಿರದ ಹೊಂದಿಕೆ ಸಾಕು ಎಂದು ಭಾವಿಸುತ್ತದೆ. ಮಾಸ್ಟರ್ ಪಟ್ಟಿಯಲ್ಲಿ ಅಕಾರಾದಿಯಾಗಿ ಅರಿಸಿನ 0910, ಏಲಕ್ಕಿ 0908, ಕಾಳುಮೆಣಸು 0904, ಕೊತ್ತಂಬರಿ 0909, ಲವಂಗ 0907 ಎಂದಿದೆ ಎನ್ನೋಣ. ಚಕ್ಕೆ ಅದರಲ್ಲಿ ಇಲ್ಲ. ಚಕ್ಕೆಯನ್ನು ಹುಡುಕಿದಾಗ ಸೂತ್ರವು ಅದಕ್ಕಿಂತ ಹಿಂದೆ ಬರುವ ಕೊತ್ತಂಬರಿಯಲ್ಲಿ ನಿಂತು 0909 ಎಂದು ಉತ್ತರಿಸುತ್ತದೆ. ಚಕ್ಕೆಯ ನಿಜವಾದ ಕೋಡ್ 0906. ಪಟ್ಟಿ ಅಕಾರಾದಿಯಲ್ಲಿ ಇಲ್ಲದಿದ್ದರೆ, ಇರುವ ವಸ್ತುವಿಗೂ ಬೇರೆಯದರ ಕೋಡ್ ಬರಬಹುದು. ಆದ್ದರಿಂದ ನಾಲ್ಕನೆಯ ಜಾಗದಲ್ಲಿ ಸೊನ್ನೆ ಅಥವಾ 'ಫಾಲ್ಸ್' ಎಂದು ಪ್ರತಿ ಬಾರಿಯೂ ಬರೆಯಲೇಬೇಕು. ಆಗ ಸಿಗದ ವಸ್ತುವಿಗೆ 'ಎನ್/ಎ' ದೋಷ ಕಾಣುತ್ತದೆ, ಮತ್ತು ಅದು ಕಾಣಲೇಬೇಕು.

ಹೊಂದಿಕೆ ತಪ್ಪಲು ಮುಖ್ಯ ಕಾರಣ ಸೂತ್ರವಲ್ಲ, ಅಕ್ಷರಗಳು. 'ಜೀರಿಗೆ'ಯಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ, ಆದರೆ ಸೆಲ್‌ನಲ್ಲಿರುವ ಅಕ್ಷರಗಳನ್ನು ಎಣಿಸುವ ಲೆನ್ (LEN) ಸೂತ್ರ ಗುಣಿತ ಚಿಹ್ನೆಗಳನ್ನೂ ಎಣಿಸುವುದರಿಂದ 6 ಎನ್ನುತ್ತದೆ. ಅದೇ ಸೆಲ್‌ಗೆ 7 ಬಂದರೆ, ಪದದ ಕೊನೆಯಲ್ಲಿ ಯಾರೋ ಒತ್ತಿದ ಒಂದು ಸ್ಪೇಸ್ ಉಳಿದಿದೆ ಎಂದೇ ಅನುಮಾನಿಸಬೇಕು. ಟ್ರಿಮ್ (TRIM) ಸೂತ್ರ ಅದನ್ನು ತೆಗೆಯುತ್ತದೆ. ವೆಬ್ ಪುಟದಿಂದ ನಕಲು ಮಾಡಿದ ಪಟ್ಟಿಯಲ್ಲಿ 160ನೆಯ ಸಂಕೇತದ ಸ್ಪೇಸ್ ಇರುವುದುಂಟು. ಅದು ಟ್ರಿಮ್‌ಗೆ ಜಗ್ಗುವುದಿಲ್ಲವಾದ್ದರಿಂದ ಒಂದು ಅಕ್ಷರದ ಬದಲು ಇನ್ನೊಂದನ್ನು ಇಡುವ ಸಬ್‌ಸ್ಟಿಟ್ಯೂಟ್ (SUBSTITUTE) ಬಳಸಬೇಕು. ಇನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯಲ್ಲಿ ತೆರೆಯ ಮೇಲೆ ಕನ್ನಡವಿದ್ದರೂ ಒಳಗಿರುವುದು ಲ್ಯಾಟಿನ್ ಸಂಕೇತಗಳು. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಯೂನಿಕೋಡ್‌ಗೆ ಬದಲಾಯಿಸದೆ ಅದು ಯಾವುದಕ್ಕೂ ಹೊಂದುವುದಿಲ್ಲ. 'ಅರಿಸಿನ' ಮತ್ತು 'ಅರಿಶಿನ' ಎರಡೂ ಬಳಕೆಯಲ್ಲಿರುವುದರಿಂದ ಎರಡನ್ನೂ ಮಾಸ್ಟರ್ ಪಟ್ಟಿಗೆ ಸೇರಿಸುವುದೇ ಲೇಸು.

ಕೋಡಿನ ಮೊದಲ ಸೊನ್ನೆ ಬೇರೆಯದೇ ತೊಂದರೆ. ಬಹುತೇಕ ಸಾಂಬಾರ ಪದಾರ್ಥಗಳ ಕೋಡುಗಳು 09ರಿಂದ ಶುರುವಾಗುತ್ತವೆ. ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಟ್ಟ ಸರಳ ಪಠ್ಯದ) ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ 0910 ಎಂಬುದು 910 ಎಂಬ ಸಂಖ್ಯೆಯಾಗುತ್ತದೆ. ಕೋಡ್ ಕೂಡಿಸಿ ಕಳೆಯುವ ಸಂಖ್ಯೆಯಲ್ಲ, ಆದುದರಿಂದ ಆ ಕಾಲಂ ಅನ್ನು ಆಮದು ಮಾಡುವಾಗಲೇ 'ಟೆಕ್ಸ್ಟ್' ಎಂದು ಗುರುತಿಸಬೇಕು.

ಕೋಡ್ ಹಿಡಿದು ತೆರಿಗೆಯ ದರ ಹುಡುಕುವುದಂತೂ ಬೇಡವೇ ಬೇಡ. ಹಸಿ ಶುಂಠಿ, ಒಣ ಶುಂಠಿ ಎರಡೂ 0910ರ ಕೆಳಗೇ ಬರುತ್ತವೆ, ಆದರೆ ಹಸಿಯದಕ್ಕೆ ತೆರಿಗೆಯಿಲ್ಲ, ಒಣಗಿದ್ದಕ್ಕೆ ಶೇ. 5ರಷ್ಟಿದೆ. ವಿಲುಕಪ್ ಮೊದಲು ಸಿಕ್ಕ ಸಾಲಿನಲ್ಲೇ ನಿಂತುಬಿಡುವುದರಿಂದ ಎರಡಕ್ಕೂ ಒಂದೇ ದರ ಬರುತ್ತದೆ. ದರವನ್ನೂ ವಸ್ತುವಿನ ಹೆಸರಿನಿಂದಲೇ ತರಿಸಬೇಕು.

ವಿಲುಕಪ್‌ನ ಹೊಸ ರೂಪವಾದ ಎಕ್ಸ್‌ಲುಕಪ್ (XLOOKUP) ಇದ್ದವರಿಗೆ ಈ ಕೆಲಸ ಹಗುರ. ಅದು ಹೇಳದೆಯೇ ನಿಖರ ಹೊಂದಿಕೆ ಹುಡುಕುತ್ತದೆ, ಹೆಸರಿನ ಕಾಲಂ ಕೋಡಿನ ಎಡಕ್ಕೇ ಇರಬೇಕೆಂಬ ಕಟ್ಟುಪಾಡೂ ಇಲ್ಲ. ಎಕ್ಸೆಲ್ 2016 ಮತ್ತು 2019ರಲ್ಲಿ ಅದು ಇಲ್ಲವಾದ್ದರಿಂದ ಅಲ್ಲಿ ಸಾಲನ್ನು ಹುಡುಕುವ ಮ್ಯಾಚ್ (MATCH) ಮತ್ತು ಆ ಸಾಲಿನ ಕೋಡ್ ತರುವ ಇಂಡೆಕ್ಸ್ (INDEX) ಜೋಡಿಯನ್ನು ನಾನು ವಿಲುಕಪ್‌ಗಿಂತ ಮೇಲೆಂದು ಎಣಿಸುತ್ತೇನೆ. ಯಾವ ದೋಷ ಬಂದರೂ ಹಿಡಿಯುವ ಇಫ್‌ಎರರ್ (IFERROR) ಹಾಕಿ ಖಾಲಿ ಜಾಗ ತೋರಿಸುವ ರೂಢಿಯನ್ನು ಮಾತ್ರ ಬಿಡಬೇಕು. ಅದು ಸೂತ್ರದಲ್ಲೇ ಇರುವ ತಪ್ಪನ್ನೂ ಮುಚ್ಚಿಹಾಕುತ್ತದೆ. ಬದಲಿಗೆ 'ಎನ್/ಎ' ದೋಷವನ್ನಷ್ಟೇ ಹಿಡಿಯುವ ಇಫ್‌ಎನ್‌ಎ (IFNA) ಬಳಸಿ 'ಕೋಡ್ ಇಲ್ಲ' ಎಂದು ಬರೆಸಿ, ಕೌಂಟ್‌ಇಫ್ (COUNTIF) ಸೂತ್ರದಿಂದ ಅವುಗಳನ್ನು ಎಣಿಸಿ, ಆ ಎಣಿಕೆ ಸೊನ್ನೆಯಾದ ಮೇಲಷ್ಟೇ ಪಟ್ಟಿಯನ್ನು ಜಿಎಸ್‌ಟಿ ರಿಟರ್ನ್ ತುಂಬುವವರಿಗೆ ಕೊಡಬೇಕು.