ಹಗ್ಗದೊಳಗಿನ ಗಿಡ

ಸಂಜೆ ಮಲ್ಪೆ ಬಂದರಿಗೆ ಹೋಗಿದ್ದೆ. ಬಲೆ ಸರಿಮಾಡುತ್ತಿದ್ದ ಅಜ್ಜರೊಬ್ಬರು ನೈಲಾನ್ ಹಗ್ಗದ ತುದಿಯನ್ನು ಬೆಂಕಿಕಡ್ಡಿಯಲ್ಲಿ ಸುಟ್ಟು, ಬಿಸಿಯಿರುವಾಗಲೇ ಬೆರಳಲ್ಲಿ ಒತ್ತಿದರು. "ಮೊದಲು ಇದೆಲ್ಲ ಎಲ್ಲಿತ್ತು ಮಗಾ, ತೆಂಗಿನ ನಾರೇ" ಅಂದರು.

ನಮಗೆ ತೆಂಗು. ಆದರೆ ಇದೇ ಕರಾವಳಿಗೆ ಬಂದ ಪೋರ್ಚುಗೀಸರ ಹಡಗುಗಳ ಹಗ್ಗ ಗಾಂಜಾ ಜಾತಿಯ ಗಿಡದ ನಾರಿನದು! ಹಾಯಿಬಟ್ಟೆಗೆ ಹೇಳುವ ಕ್ಯಾನ್ವಾಸ್ ಅನ್ನುವ ಪದ ಹುಟ್ಟಿದ್ದೇ ಈ ಗಿಡದ ಲ್ಯಾಟಿನ್ ಹೆಸರಾದ ಕ್ಯಾನಬಿಸ್‌ನಿಂದ. 1533ರಲ್ಲಿ ಇಂಗ್ಲೆಂಡಿನ 8ನೇ ಹೆನ್ರಿ, 60 ಎಕರೆ ಉಳುವವನು ಕಾಲು ಎಕರೆಯಲ್ಲಿ ಇದನ್ನೋ ಅಗಸೆಯನ್ನೋ ಬೆಳೆಯಲೇಬೇಕು ಅಂತ ಕಾನೂನು ಮಾಡಿದ್ದ. ಬಲೆಗೂ ಹಗ್ಗಕ್ಕೂ ನಾರು ಸಾಲುತ್ತಿರಲಿಲ್ಲ.

ಗಾಂಜಾ ಅಂದ್ರೆ ನನಗೆ ಪೊಲೀಸ್ ಸುದ್ದಿ ಮಾತ್ರ ನೆನಪಾಗುತ್ತಿತ್ತು. ಆ ಹೊಗೆ ನಮ್ಮ ಹುಡುಗರ ಹತ್ತಿರ ಸುಳಿಯುವುದೇ ಬೇಡ. ಆದ್ರೆ ಈ ನಾರಿನ ಕಥೆ ಶಾಲೆಯಲ್ಲಿ ಯಾರೂ ಹೇಳಲೇ ಇಲ್ವಲ್ಲ!